ಲಾರಿ ಬರುವ ತನಕ ಬಳ್ಳಿ

ಮುಳಬಾಗಿಲಿನ ನಮ್ಮ ಹೊಲದಲ್ಲಿ ಆ ವರ್ಷ ಮಿಡಿಸೌತೆ ಇತ್ತು. ವಿಷ ಹೊಡೆಯದೆ ಬೆಳೆದದ್ದು. ಕಂಪನಿಯವರು ಉಪ್ಪುನೀರಿನಲ್ಲಿ ಹಾಕಿ ಹೊರದೇಶಕ್ಕೆ ಕಳಿಸುತ್ತಿದ್ದರು. ನಮ್ಮಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ. ಕೊರೊನಾ ಬಂದು ಹಡಗುಗಳು ನಿಂತವು, ಕಾಯಿ ಒಯ್ಯುವ ಕಂಪನಿ ಲಾರಿಯೂ ಬರಲಿಲ್ಲ. ಕಿರುಬೆರಳಷ್ಟಿರುವಾಗಲೇ ಕೀಳದಿದ್ದರೆ ಕಾಯಿ ಬಲಿತು, ಬಳ್ಳಿ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ನನ್ನ ಗಂಡ ದಿನಾ ಬೆಳಿಗ್ಗೆ ಕಿತ್ತು ಹಸುವಿನ ಮುಂದೆ ಸುರಿಯುತ್ತಿದ್ದರು.

“ಏನ್ಲಾ, ನಿನ್ ಹಸುಗೆ ಫಾರಿನ್ ಊಟನಾ?” ಎಂದು ಪಕ್ಕದ ಹೊಲದವನು ನಗುತ್ತಿದ್ದ.

“ಲಾರಿ ಬರೋಗಂಟ ಬಳ್ಳಿ ಉಳೀಬೇಕಲ್ಲ ಕಣೋ,” ಎನ್ನುತ್ತಿದ್ದರು ಇವರು.

ಆಮೇಲೆ ಇವರಿಗೇ ಜ್ವರ ಬಂತು. ಕೋಲಾರದ ಆಸ್ಪತ್ರೆಯಿಂದ ಫೋನ್ ಮಾಡಿದಾಗಲೂ, “ಕಾಯಿ ಕಿತ್ತ್ಯೇನೇ?” ಎಂದೇ ಕೇಳಿದರು.

“ಕಿತ್ತೆ. ನೀವು ಬೇಗ ಬನ್ನಿ.”

ಬರಲಿಲ್ಲ. ಮಣ್ಣು ಮಾಡುವಾಗ ಮುಖ ನೋಡಲೂ ನನ್ನನ್ನು ಬಿಡಲಿಲ್ಲ.

ಮರುದಿನವೂ ಕಿತ್ತೆ. ನಿಲ್ಲಿಸಿದರೆ ಅವರಿಲ್ಲವೆಂದು ನಾನೇ ಒಪ್ಪಿದಂತಾಗುತ್ತಿತ್ತು.

ಕೊನೆಗೂ ಲಾರಿ ಬಂತು. ಬಳ್ಳಿಯಲ್ಲಿ ಇನ್ನೂ ಹೂವಿತ್ತು. ಡ್ರೈವರ್ ಖಾಲಿ ಕ್ರೇಟು ಇಳಿಸುತ್ತ, “ಅಣ್ಣನ್ನ ಕರೀರಕ್ಕಾ, ತೂಕಕ್ಕೆ ನಿಂತ್ಕೊಳ್ಲಿ,” ಎಂದ. ಒಂದು ಕ್ರೇಟು ಎತ್ತಿಕೊಂಡು ಸಾಲಿನೊಳಗೆ ಹೋಗಿ ಕೀಳತೊಡಗಿದೆ.