ತಾನೇ ಶ್ರುತಿಯಾಗುವ ಗಿಟಾರು

ಕೊಲ್ಲಿ ದೇಶದ ಗ್ಯಾಸ್ ಸ್ಥಾವರಗಳ ಊರು ರಾಸ್ ಲಫಾನ್‌ನಲ್ಲಿ ನನ್ನ ಜೊತೆ ಶಿಫ್ಟಿನಲ್ಲಿದ್ದ ಫಿಲಿಪಿನೊ ಗೆಳೆಯ ಕೆಲಸ ಬಿಟ್ಟು ಊರಿಗೆ ಹೊರಟಾಗ ತನ್ನ ಎಲೆಕ್ಟ್ರಿಕ್ ಗಿಟಾರನ್ನು ನನ್ನ ಕೈಗಿತ್ತ. "ಬಿರಡೆ ತಿರುಗಿಸುವ ರಗಳೆಯಿಲ್ಲ. ತಂತಿಗಳನ್ನೆಲ್ಲ ಒಮ್ಮೆ ಮೀಟು, ಈ ಗುಂಡಿ ಒತ್ತು, ಖಲಾಸ್. ತಾನೇ ಶ್ರುತಿಯಾಗುತ್ತದೆ," ಎಂದ. ಇನ್ನೊಂದು ಗುಂಡಿ ತಿರುಗಿಸಿದರೆ ಅದು ಬೇರೆ ಬೇರೆ ಗಿಟಾರುಗಳ ದನಿಯನ್ನೂ ತೆಗೆಯುತ್ತಿತ್ತು.

ನನಗೆ ಸ್ವರ್ಗವೇ ಸಿಕ್ಕಂತಾಯಿತು. ಇಲ್ಲಿ ಮನೆಯೊಳಗೆ ಎಸಿಯ ಚಳಿ, ಕಾರಿನೊಳಗೆ ಬೆಂಕಿ, ಕಾರ್ಯಕ್ರಮದ ಸಭಾಂಗಣದಲ್ಲಿ ಮತ್ತೆ ಚಳಿ. ನನ್ನ ಹಳೆಯ ಮರದ ಗಿಟಾರು ಅಷ್ಟರಲ್ಲೇ ಶ್ರುತಿ ಕಳೆದುಕೊಂಡು ಕೆಟ್ಟ ಮುಖ ಮಾಡುತ್ತಿತ್ತು.

ಮದೀನತ್ ಖಲೀಫಾದ ನಮ್ಮ ಮನೆಯಲ್ಲಿ ಹೊಸದನ್ನು ಸ್ಪೀಕರಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಶ್ರುತಿ ಶುದ್ಧವಾಗಿತ್ತು. ಪರೀಕ್ಷೆಗೆಂದು ಒಂದು ತಂತಿಯನ್ನು ಬೇಕೆಂದೇ ಸಡಿಲಿಸಿ ಮತ್ತೆ ಗುಂಡಿ ಒತ್ತಿದೆ. ಸ್ಪೀಕರಿನಲ್ಲಿ ಆಗಲೂ ಶುದ್ಧ. ಆದರೆ ಕೈಯಲ್ಲಿದ್ದ ತಂತಿ ಮಾತ್ರ ಅಪಸ್ವರದಲ್ಲೇ ಮಿಡಿಯುತ್ತಿತ್ತು. ಅದು ತಂತಿಯನ್ನು ಸರಿಮಾಡುತ್ತಿರಲಿಲ್ಲ, ಹೊರಗೆ ಬರುವ ದನಿಯನ್ನಷ್ಟೇ ತಿದ್ದುತ್ತಿತ್ತು.

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆಯೆತ್ತಿದಳು. "ಎಂತದು ಮಾರ್ರೆ, ಎರಡೆರಡು ಕೇಳ್ತಾ ಉಂಟಲ್ಲ?"

"ಸ್ಪೀಕರಿದ್ದು ಮಾತ್ರ ಕೇಳು."

"ಮತ್ತೆ ನಿಮ್ಮ ಕೈಯಲ್ಲಿರುವುದು ಎಂತಕ್ಕೆ?"

ನಾನು ಸ್ಪೀಕರಿನ ದನಿ ಇನ್ನಷ್ಟು ಏರಿಸಿದೆ.

ಊರಿನವರ ಕಾರ್ಯಕ್ರಮಗಳಲ್ಲಿ ಹಾಡುವ ನಮ್ಮ ತಂಡದಲ್ಲಿ ಇದ್ದವರು ಮೂವರೇ. ನಜ್ಮಾದಲ್ಲಿ ಬಟ್ಟೆಯಂಗಡಿ ಇಟ್ಟಿರುವ ಹಿರಿಯರು ಹಾರ್ಮೋನಿಯಂ ನುಡಿಸುತ್ತಿದ್ದರು, ಮಂಗಳೂರಿನ ನರ್ಸ್ ಒಬ್ಬಳು ಹಾಡುತ್ತಿದ್ದಳು, ಗಿಟಾರು ನನ್ನದು. ಮುಂದಿನ ಶುಕ್ರವಾರ ನಮ್ಮ ಮನೆಯಲ್ಲಿ ಅಭ್ಯಾಸಕ್ಕೆ ಕೂತೆವು. ಎರಡು ಸಾಲು ಹಾಡುವಷ್ಟರಲ್ಲಿ ಹಿರಿಯರು ಕೈಯೆತ್ತಿದರು.

"ನಿಂದು ಇಳಿದಿದೆ ಮಾರಾಯ."

"ಇಳಿಯುವ ಚಾನ್ಸೇ ಇಲ್ಲ ಅಣ್ಣ. ಇದು ತನ್ನಷ್ಟಕ್ಕೆ ಶ್ರುತಿಯಾಗುವಂಥದ್ದು."

ಫೋನಿನಲ್ಲಿ ಶ್ರುತಿ ಅಳೆಯುವ ಆ್ಯಪ್ ತೆರೆದು ತೋರಿಸಿದೆ. ಗಿಟಾರು ಸರಿಯಾಗಿಯೇ ಇತ್ತು. ಕೂದಲೆಳೆಯಷ್ಟು ಮೇಲಿದ್ದದ್ದು ಹಾರ್ಮೋನಿಯಂ. ಇಷ್ಟು ವರ್ಷ ನಾನು ಕಿವಿಯಿಂದಲೇ ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಹಿರಿಯರು ಫೋನನ್ನೂ ನನ್ನನ್ನೂ ನೋಡಿದರು.

"ಹಾಗಾದರೆ ನಾವು ಇಷ್ಟು ದಿವಸ ಹಾಡಿದ್ದೆಲ್ಲ ತಪ್ಪಾ?"

"ತಪ್ಪಲ್ಲ ಅಣ್ಣ..." ಎಂದೆ. ಫೋನನ್ನು ಕಿಸೆಗೆ ಹಾಕಿಕೊಂಡೆ.

"ನಾನು ಯಾರನ್ನು ಹಿಡಿದು ಹಾಡಬೇಕು, ಅದನ್ನು ಹೇಳಿ ಮೊದಲು," ಎಂದಳು ನರ್ಸ್.

ಹಾರ್ಮೋನಿಯಂ ತಿದ್ದಿಸುವವರು ಇಲ್ಲಿ ಯಾರೂ ಗೊತ್ತಿರಲಿಲ್ಲ. ಗಿಟಾರಿನಲ್ಲಿ ಮೂಲ ಶ್ರುತಿಯನ್ನೇ ತುಸು ಏರಿಸಿಕೊಳ್ಳುವ ದಾರಿಯೊಂದಿತ್ತು. ಹುಡುಕಿ ಹಾಗೆ ಮಾಡಿದೆ. ಮೂವರೂ ಒಂದಾದೆವು. ಸರಿಯಾದದ್ದನ್ನು ತಪ್ಪಿಗೆ ಹೊಂದಿಸಿದೆನೋ ತಪ್ಪನ್ನೇ ಸರಿಮಾಡಿದೆನೋ ಎಂಬ ಗೊಂದಲ ಮಾತ್ರ ಹೋಗಲಿಲ್ಲ.

ಕಾರ್ಯಕ್ರಮದ ದಿನ ನರ್ಸ್‌ಗೆ ಗಂಟಲು ಕಟ್ಟಿತು. ವೇದಿಕೆಯ ಹಿಂದೆ ಪಿಸುಗುಟ್ಟಿದಳು: "ಅಷ್ಟು ಮೇಲೆ ಹೋಗುವುದಿಲ್ಲ ಇವತ್ತು. ಬಿಟ್ಟುಬಿಡುವ."

"ಶ್ರುತಿ ಅರ್ಧ ಸ್ವರ ಇಳಿಸುವ ತಂಗಿ," ಎಂದರು ಹಿರಿಯರು. ಹಾರ್ಮೋನಿಯಂನಲ್ಲಿ ಅವರು ಪಕ್ಕದ ಕೀಲಿಗೆ ಸರಿದರೆ ಮುಗಿಯಿತು. ಹಳೆಯ ಗಿಟಾರಾಗಿದ್ದರೆ ನಾನು ಆರೂ ತಂತಿ ಸಡಿಲಿಸಿ ಮತ್ತೆ ಹೊಂದಿಸಬೇಕಿತ್ತು. ಅಷ್ಟು ಪುರುಸೊತ್ತು ಇರಲಿಲ್ಲ. ಇದರಲ್ಲಿ ಒಂದೇ ಗುಂಡಿ.

ಹಾಡು ಶುರುವಾಯಿತು. ಸ್ಪೀಕರಿನಿಂದ ಇಳಿದ ಶ್ರುತಿ ಬರುತ್ತಿತ್ತು. ಎದೆಗೆ ಒತ್ತಿಕೊಂಡಿದ್ದ ಗಿಟಾರಿನ ತಂತಿಗಳು ಹಳೆಯ ಶ್ರುತಿಯಲ್ಲೇ ಇದ್ದು, ಅದು ಮೂಳೆಯಲ್ಲೇ ಕೇಳಿದಂತಾಗುತ್ತಿತ್ತು. ಬೆರಳು ಒಂದು ಸ್ವರ ಒತ್ತಿದರೆ ಕಿವಿಗೆ ಇನ್ನೊಂದು. ಎಲ್ಲಿದ್ದೇನೆಂದು ತಿಳಿಯದೆ ಒಂದು ಸಾಲು ತಪ್ಪಿದೆ. ಹಿರಿಯರು ತಿರುಗಿ ನೋಡಿದರು. ಕೊನೆಗೆ ಕಿವಿಯ ಮೇಲಿನ ಆಸೆ ಬಿಟ್ಟು, ನರ್ಸಿನ ತುಟಿ ನೋಡುತ್ತ, ಬೆರಳಿಗೆ ಅಭ್ಯಾಸವಿದ್ದದ್ದನ್ನು ನುಡಿಸಿದೆ. ಎರಡನೆಯ ಚರಣಕ್ಕೆ ಹನ್ನೆರಡು ತಂತಿಯ ಗಿಟಾರಿನ ದನಿಗೆ ತಿರುಗಿಸಿದೆ. ಅವಳ ದನಿ ಒಡೆಯಲಿಲ್ಲ. ಚಪ್ಪಾಳೆ ಜೋರಾಗಿಯೇ ಬಿತ್ತು.

ಕೆಳಗಿಳಿದಾಗ ಗುರುತಿಲ್ಲದವರೊಬ್ಬರು ಕೈಕುಲುಕಿದರು. "ಆ ಹನ್ನೆರಡು ತಂತಿದ್ದು ನುಡಿಸಿದವರು ಎಲ್ಲಿ? ಸ್ಟೇಜಿನಲ್ಲಿ ಕಾಣಲೇ ಇಲ್ಲ."

"ಅದು ನಾನೇ."

ಅವರು ನನ್ನ ಹೆಗಲಿನ ಗಿಟಾರಿನ ತಂತಿಗಳನ್ನು ಎಣಿಸಿ, ತಮಾಷೆಯೆಂದು ನಕ್ಕು ಹೋದರು.

ಅಷ್ಟರಲ್ಲಿ ನರ್ಸ್ ಬಿಸಿನೀರಿನ ಲೋಟ ಹಿಡಿದು ಬಂದಳು. "ಈ ಗಿಟಾರು ಇಲ್ಲದಿದ್ದರೆ ನಾನಿವತ್ತು ಹಾಡುತ್ತಲೇ ಇರಲಿಲ್ಲ. ಥ್ಯಾಂಕ್ಸ್ ಆಯ್ತಾ."

ಹೇಳಿದ್ದು ನನಗೋ ಗಿಟಾರಿಗೋ ಸ್ಪಷ್ಟವಾಗಲಿಲ್ಲ. ಎರಡರ ಪರವಾಗಿಯೂ ತಲೆಯಾಡಿಸಿದೆ.