ಕಾಲು ಮೂಡಲಕ್ಕೆ

ಹಾರೂಗೇರಿಯಲ್ಲಿ ಜೆಸಿಬಿ ಬಾಡಿಗೆಗೆ ಸಿಗುವ ಈ ಕಾಲದಲ್ಲೂ ನಮ್ಮ ಕ್ರೈಸ್ತರ ಮಸಣದಲ್ಲಿ ಕುಣಿ ತೋಡುತ್ತಿದ್ದವನು ನಾವು ಕಾಕಾ ಎನ್ನುತ್ತಿದ್ದ ಆತನೊಬ್ಬನೇ. ಹಾರೆ ಹಿಡಿಯುವ ಮೊದಲು ಪೂರ್ವಕ್ಕೆ ಮುಖ ಮಾಡಿ, ಎರಡೂ ಕೈ ಚಾಚಿ ನಿಲ್ಲುತ್ತಿದ್ದ. ಆಮೇಲೆ ಅದೇ ಮಾತು: “ಕಾಲು ಮೂಡಲಕ್ಕ.” ಕಡೆಯ ದಿನ ಕ್ರಿಸ್ತನು ರಾಜನಾಗಿ ಮೂಡಲಿಂದ ಬರುತ್ತಾನೆ, ಆ ಕಡೆಗೆ ಕಾಲು ಮಾಡಿ ಮಲಗಿದ ಸತ್ತವರು ಎದ್ದು ನಿಂತ ಕೂಡಲೇ ಆ ರಾಜನ ಮುಖ ಕಾಣಬೇಕು ಎಂಬುದು ನಮ್ಮವರ ನಂಬಿಕೆ.

ನಮ್ಮವ್ವ ತೀರಿಕೊಂಡಾಗ ಕುಣಿಯಲ್ಲಿ ದೊಡ್ಡ ಬಂಡೆಯೊಂದು ಅಡ್ಡ ಸಿಕ್ಕಿತು. ಮಣ್ಣಿಗೆ ಬಂದವರು ಬಿಸಿಲಲ್ಲಿ ಬೇಸತ್ತರು. ಸಕ್ಕರೆ ಕಾರ್ಖಾನೆಯಲ್ಲಿ ನೌಕರಿಗಿದ್ದ ನನ್ನ ಸೋದರಮಾವ ತಾಳಲಾರದೆ, “ಕಲ್ಲ ಬಿಟ್ಟು ಸ್ವಲ್ಪ ವಾರಿ ತೋಡಿ ಮುಗಸೋ ಮಾರಾಯಾ. ದೇವರು ದಿಕ್ಕು ನೋಡತಾನೇನ?” ಎಂದ.

ಆತ ಹಾರೆ ಊರಿ ನಿಂತ.

“ದೇವರು ನೋಡಂಗಿಲ್ರಿ ಸಾಹೇಬ್ರ. ಇಲ್ಲಿ ಮಲಗೋ ಅಕ್ಕಾರು ನೋಡಬೇಕಲ್ರಿ? ರಾಜ ಬಂದಾಗ ಅವರು ಬ್ಯಾರೆ ಕಡೆ ಮಾರಿ ಮಾಡಿ ಎದ್ರ ಹೆಸರು ಕೆಡೋದು ನಂದ್ರಿ.”

ಬಂಡೆ ಒಡೆಯುವವರೆಗೂ ನಾವೆಲ್ಲ ಕಾದೆವು. ಒಡೆದ ಕಲ್ಲುಗಳನ್ನು ಹೊರಗೆ ಎತ್ತಿ ಹಾಕಿದವನು ಮಾವನೇ.

ಈಗ ಆತ ಮಲಗಿರುವುದು ಪಡುವಣ ಬೇಲಿಯ ಪಕ್ಕ, ಎಲ್ಲ ಸಾಲುಗಳಿಗಿಂತ ಹಿಂದೆ. ಬದುಕಿದ್ದಾಗಲೇ ತನಗೆಂದು ಆರಿಸಿಟ್ಟ ಜಾಗ ಅದು. “ಎಲ್ಲಾರಕಿಂತ ಹಿಂದ ಯಾಕ ಕಾಕಾ?” ಎಂದು ನಾನೊಮ್ಮೆ ಕೇಳಿದ್ದೆ.

ಆತ ಮೀಸೆಯಲ್ಲೇ ನಕ್ಕಿದ್ದ.

“ಎಲ್ಲಾರೂ ಸರಿಯಾಗಿ ಎದ್ದ ನಿಂತಾರೋ ಇಲ್ಲೋ, ಮೊದಲ ಅದನ್ನ ನೋಡಬೇಕಲ್ಲೋ ತಮ್ಮಾ. ಆಮ್ಯಾಲ ರಾಜನ್ನ ನೋಡತೀನಿ.”