ಹುಲಿಗೆಮ್ಮನ ಮಾತು ನನ್ನ ಬಾಯಲ್ಲಿ

ಹುಲಿಗೆಮ್ಮ, ಇಬ್ಬರಲ್ಲಿ ಒಬ್ಬರೇ ಮಾತಾಡಬೇಕು ಅಂತ ನಮ್ಮ ಇಂಗ್ಲಿಷ್ ಸರ್ ಹೇಳಿರಲೇ ಇಲ್ಲ. ಆ ಮಾತನ್ನು ಹುಟ್ಟಿಸಿದವಳು ನಾನು — ನಸೀಮಾ, ರಾಯಚೂರಿನ ಕಾಲೇಜಿನಲ್ಲಿ ಮೂರು ವರ್ಷ ನಿನ್ನ ಪಕ್ಕದಲ್ಲೇ ಕೂತವಳು, ನಿನ್ನ ಡಬ್ಬಿಯ ರೊಟ್ಟಿ ತಿಂದವಳು.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಬರೆದ ಮೇಲೆ ಮನಸ್ಸು ಹಗುರಾಗಬೇಕಿತ್ತು — ಆಗಿಲ್ಲ. ಹೇಳಬೇಕಾದದ್ದು ಇನ್ನೂ ಇದೆ.

ಬಿ.ಎ. ಕೊನೆಯ ವರ್ಷ ಇಂಗ್ಲಿಷ್ ಪ್ರೆಸೆಂಟೇಷನ್ ಸ್ಪರ್ಧೆ ಇಟ್ಟಿದ್ದರಲ್ಲ, ಇಬ್ಬಿಬ್ಬರ ಜೋಡಿ. ಗೆದ್ದವರು ವಿಶ್ವವಿದ್ಯಾಲಯದ ಸ್ಪರ್ಧೆಗೆ. ನಾನು ಮನೆಯಲ್ಲಿ ದಖನಿ ಉರ್ದು ಆಡುತ್ತ, ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿತವಳು. ಅಬ್ಬಾನ ಬಟ್ಟೆ ಅಂಗಡಿಗೆ ಬಂದ ಗಿರಾಕಿಗಳ ಮುಂದೆಲ್ಲ ನನ್ನ ಇಂಗ್ಲಿಷಿನದೇ ಮೆರವಣಿಗೆ. ನೀನು ದೇವದುರ್ಗ ತಾಲೂಕಿನ, ಕೃಷ್ಣೆಯ ದಂಡೆಯ ಗೂಗಲ್ ಹಳ್ಳಿಯವಳು. ಕಾಲೇಜಿಗೆ ಬರುವ ತನಕ ಇಂಗ್ಲಿಷಿನಲ್ಲಿ ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ ಅಂತ ನೀನೇ ಹೇಳಿಕೊಂಡು ನಗುತ್ತಿದ್ದೆ. ವಿಷಯ ಮಾತ್ರ ನೀನು ಆರಿಸಿದ್ದು: ಮೊಸಳೆಗಳಿರುವ ಹೊಳೆಯ ಜೊತೆ ನಿಮ್ಮೂರು ಬಾಳುವ ಬಗೆ.

ತಯಾರಿಗೆಂದು ಒಂದು ಭಾನುವಾರ ಗೂಗಲ್‌ಗೆ ಬಂದೆ. ಇಂಟರ್ನೆಟ್ಟಿನಿಂದ ದೊಡ್ಡ ದೊಡ್ಡ ಪದ ಹೆಕ್ಕಿ ರಾಶಿ ಸ್ಲೈಡ್ ಮಾಡಿ ತಂದಿದ್ದೆ. ನೀನು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ನಿಮ್ಮವ್ವನ ಎದುರು ಕೂತು ಒಂದೊಂದೇ ಸ್ಲೈಡನ್ನು ಕನ್ನಡದಲ್ಲಿ ಹೇಳಿದೆ. ಅವ್ವ ಹೂಂ ಅಂದರೆ ಅದು ಉಳಿಯಿತು. “ಏನ್ ಹೇಳಾಕತ್ತೀಯೋ ಏನೋ, ನನಗ ತಿಳೀವಲ್ದು ಬಿಡವ್ವಾ” ಅಂದರೆ ಅದು ಹೋಯಿತು. ಸಂಜೆಯ ಹೊತ್ತಿಗೆ ನನ್ನ ರಾಶಿಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ನನಗೆ ಸಿಟ್ಟೇ ಬಂದಿತ್ತು.

ಆಮೇಲೆ ನೀನು ನನ್ನನ್ನು ಹೊಳೆದಂಡೆಗೆ ಕರೆದುಕೊಂಡು ಹೋಗಿ ನಿನ್ನ ಭಾಗ ಹೇಳಿ ತೋರಿಸಿದೆ.

“ಮೈ ಮದರ್ ಥ್ರೋಸ್ ಎ ಸ್ಟೋನ್. ದೆನ್ ಶಿ ವೇಟ್ಸ್.”

ಅಷ್ಟು ಹೇಳಿ ಸುಮ್ಮನಾದೆ. ನೀರಿಗಿಳಿಯುವ ಮೊದಲು ನಿಮ್ಮವ್ವ ಒಂದು ಕಲ್ಲೆಸೆದು, ಮೊಸಳೆ ಏಳುತ್ತದೇನೋ ಅಂತ ನೀರು ನೋಡುತ್ತ ಕಾಯುತ್ತಾಳಲ್ಲ, ಹಾಗೆಯೇ ಕಾದೆ. ನನ್ನ ಮುಂದೆ ಅಷ್ಟು ದೊಡ್ಡ ಕೃಷ್ಣೆ ಹರಿಯುತ್ತಿದ್ದರೂ ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ನಿನ್ನ ಉಚ್ಚಾರದಲ್ಲಿ ಗೂಗಲ್ ಪೂರ್ತಿ ಇತ್ತು — ಇದ್ದರೇನು? ಇಷ್ಟು ಸಣ್ಣ ಪದಗಳಿಂದ, ಅವುಗಳ ನಡುವಿನ ಮೌನದಿಂದ ಇಷ್ಟು ದೊಡ್ಡದನ್ನು ತೋರಿಸಬಹುದು ಅಂತ ಕಾನ್ವೆಂಟಿನಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಬೆರಗಾದೆ, ಹುಲಿಗೆಮ್ಮ. ಬೆರಗಿನ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು. ನಿನ್ನ ಪಕ್ಕ ನಿಂತರೆ ನನ್ನನ್ನು ಯಾರು ನೋಡಬೇಕು?

ಸ್ಪರ್ಧೆಯ ದಿನ ಬೆಳಿಗ್ಗೆ ವರಾಂಡದಲ್ಲಿ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ನಾನಂದೆ: “ಲೇ, ಸರ್ ಹೇಳ್ಯಾರ, ಒಬ್ಬರ ಮಾತಾಡಬೇಕಂತ. ಇಂಗ್ಲಿಷ್ ಸಾಫ್ ಇದ್ದವರು ಮಾತಾಡ್ಲಿ, ಇನ್ನೊಬ್ಬರು ಸ್ಲೈಡ್ ನೋಡ್ಲಿ ಅಂದ್ರು.”

ನೀನು ಹೋಗಿ ಸರ್‌ನ ಕೇಳುವವಳಲ್ಲ. ಮಾಸ್ತರು ಹೇಳಿದ ಮೇಲೆ ಮುಗಿಯಿತು ಅನ್ನುವ ಮನೆಯಲ್ಲಿ ಬೆಳೆದವಳು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ ಆ ಸುಳ್ಳು ಆರಿಸಿಕೊಂಡೆ.

“ಹೌದೇನು...” ನೀನು ನಿನ್ನ ಭಾಗ ಬರೆದ ಹಾಳೆಯನ್ನು ನನ್ನ ಕೈಗಿಟ್ಟೆ. “ಹಂಗಾದ್ರ ನೀನ ಮಾತಾಡು. ನಮ್ಮವ್ವನ ಕಲ್ಲಿನ ಮಾತೊಂದು ಬಿಡಬ್ಯಾಡ.”

ಬಿಡಲಿಲ್ಲ. ಆ ಹೊಳೆಯನ್ನು ಕಣ್ಣಿಂದಲೂ ಕಾಣದ ನನ್ನ ಅಮ್ಮಿಯನ್ನು ದಂಡೆಗೆ ತಂದು ನಿಲ್ಲಿಸಿದೆ. “ಮೈ ಮದರ್” ಅಂದೆ! ಗೆಳತಿಯ ತಾಯಿ ಅನ್ನಬಹುದಿತ್ತು, ನಾಲಿಗೆ ಹೊರಳಲಿಲ್ಲ. ಹೇಳಿದವಳೇ ಗಾಬರಿಯಲ್ಲಿ ಮುಂದಕ್ಕೆ ಓಡಿದೆ. ಕಾಯುವುದು ಮರೆತೇ ಹೋಗಿತ್ತು. ಮೊಸಳೆಯ ಚಿತ್ರ ಬಂದಿರಬೇಕು ಅಂತ ತಿರುಗಿ ಪರದೆ ನೋಡಿದರೆ ಬರಿಯ ನೀರು. ನೀನು ಗುಂಡಿ ಒತ್ತಿರಲಿಲ್ಲ. ಲ್ಯಾಪ್‌ಟಾಪಿನ ಹಿಂದಿನಿಂದ ಕಣ್ಣಲ್ಲೇ ‘ನಿಲ್ಲು’ ಅಂದೆ. ನಾನು ನಿಂತೆ. ಸಭೆಯೆಲ್ಲ ಆ ನೀರನ್ನೇ ನೋಡುತ್ತ ಕೂತಿತು. ಆಮೇಲೆ ನೀನು ಮೊಸಳೆಯನ್ನು ತಂದೆ. ಚಪ್ಪಾಳೆ ನನಗೆ ಬಿತ್ತು.

ತನ್ನ ಮಾತನ್ನು ಇನ್ನೊಬ್ಬಳ ಬಾಯಲ್ಲಿ ಕೇಳುತ್ತ, ಆ ಬಾಯಿ ಎಡವದಂತೆ ಕಾಯುವ ಮನಸ್ಸು ಎಂಥದ್ದು — ಇವತ್ತಿಗೂ ನನ್ನ ಅಳತೆಗೆ ಸಿಗುವುದಿಲ್ಲ. “ಆಕಿ ಯಾಕ ಮಾತಾಡ್ಲಿಲ್ಲ?” ಅಂತ ಸರ್ ಕೇಳಿದರು. “ಅಂಜಿಕಿ ಸರ್, ಆಕಿಗೆ” ಅಂದೆ. ವಿಶ್ವವಿದ್ಯಾಲಯಕ್ಕೂ ಹಾಗೆಯೇ ಹೋದೆವು. ಹೆಸರು ನನಗೆ ಬಂತು. ಆ ಹೆಸರೇ ಮುಂದೆ ಮಾನ್ವಿಯ ಕಾಲೇಜಿನಲ್ಲಿ ನನ್ನನ್ನು ಇಂಗ್ಲಿಷ್ ಮೇಡಂ ಮಾಡಿತು.

ಮೊನ್ನೆ ಅಲ್ಲೇ ಹೈಸ್ಕೂಲು ಶಿಕ್ಷಕರಿಗೆ ತರಬೇತಿ ಇತ್ತು. ಇಂಗ್ಲಿಷಿನಲ್ಲಿ ಮಾತು ಕಟ್ಟುವುದು, ನಾಲ್ಕು ಜನರ ಮುಂದೆ ಹೇಳುವುದು ಹೇಗೆ ಅಂತ ಕಲಿಸಲು ನಾನು. ಕೇಳುವವರ ನಡುವೆ, ದೇವದುರ್ಗದ ಶಾಲೆಯಿಂದ ಬಂದ ನೀನು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಲೇ ಪಾಠ ಮಾಡಿದೆ: ಮೊದಲು ಮನೆಯವರಿಗೆ ಕನ್ನಡದಲ್ಲಿ ಹೇಳಿ ನೋಡಿ, ಅವರಿಗೆ ತಿಳಿಯದ್ದನ್ನು ತೆಗೆದುಹಾಕಿ, ಹೇಳಿದ ಮೇಲೆ ಕಾಯಿರಿ. ನಿನ್ನದನ್ನೇ ನಿನಗೆ ಕಲಿಸಿದೆ. ನೀನು ಹಿಗ್ಗಿನಿಂದ ತಲೆಯಾಡಿಸಿದೆ, ಆಮೇಲೆ ಎದ್ದು ನಿಂತು ಅಂದೆ:

“ಮೇಡಮ್ಮೋರು ಹೇಳಿದ್ದು ಖರೇ ಅದ್ರಿ. ನಮ್ಮ ಸಾಲ್ಯಾಗ ಜೋಡಿ ಮಾಡಿದಾಗ ಇಂಗ್ಲಿಷ್ ಸಾಫ್ ಇದ್ದವರ್ನ ಮಾತಿಗೆ ನಿಲ್ಲಿಸ್ತೀನ್ರಿ. ಇನ್ನೊಬ್ಬರು ಸ್ಲೈಡ್ ನೋಡ್ತಾರ. ನಮಗ ನಮ್ಮ ಸರ್ ಹಂಗ ಕಲಿಸ್ಯಾರ್ರಿ.”

ಎಲ್ಲರೂ ಬರೆದುಕೊಂಡರು. ನಾನು ಮುಂದಿನ ಸ್ಲೈಡಿಗೆ ಹೋದೆ.

ನಿನ್ನೊಬ್ಬಳ ಬಾಯಿ ಕಟ್ಟಿದೆ ಅಂದುಕೊಂಡಿದ್ದೆ, ಹುಲಿಗೆಮ್ಮ. ನಿನ್ನಂಥ ಎಷ್ಟು ಮಕ್ಕಳನ್ನು ನಿನ್ನ ಕೈಯಿಂದಲೇ ಹಿಂದೆ ಕೂರಿಸಿದೆನೋ — ಅವರಲ್ಲಿ ಯಾರ ದನಿ ನನ್ನನ್ನು ಮತ್ತೆ ಬೆರಗುಗೊಳಿಸುತ್ತಿತ್ತೋ...

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ. ಸೋಮವಾರ ದೇವದುರ್ಗದ ಬಸ್ಸು ಹತ್ತುತ್ತೇನೆ. ಆ ನಿಯಮ ಯಾರದು, ಯಾಕೆ ಹುಟ್ಟಿತು ಅಂತ ನಿನ್ನ ತರಗತಿಯಲ್ಲಿ ನಿಂತು ಹೇಳುತ್ತೇನೆ. ತರಬೇತಿಗೆ ಬಂದಿದ್ದ ಒಬ್ಬೊಬ್ಬ ಶಿಕ್ಷಕರಿಗೂ ಹೇಳುತ್ತೇನೆ. ಬಾಗಿಲಲ್ಲೇ ನನ್ನನ್ನು ವಾಪಸ್ ಕಳಿಸಬೇಕು ಅನ್ನಿಸಿದರೆ ಕಳಿಸು. ಆದರೆ ನಾನು ಬರುವ ತನಕ ಕಾಯಬೇಡ — ನಾಳೆ ಬೆಳಿಗ್ಗೆಯೇ, ಹಿಂದೆ ಕೂತ ಆ ಮಕ್ಕಳನ್ನು ಮಾತಿಗೆ ನಿಲ್ಲಿಸು.